ಕಾಲಿಗೆ ಕಲ್ಲು, ಕೈಗೆ ಮರ

ನಂದಿ ಬೆಟ್ಟದ ಸುತ್ತಮುತ್ತ ತೋಟದ ಮನೆ ಕಟ್ಟುವವರು ಹೆಚ್ಚಾದ ಮೇಲೆ ನನ್ನನ್ನು ಹುಡುಕಿಕೊಂಡು ಬರುವವರೂ ಹೆಚ್ಚಿದ್ದಾರೆ. ಕಿರಿಯ ಎಂಜಿನಿಯರಾಗಿ ಈ ಸೀಮೆಯ ಶಾಲೆ, ಆಸ್ಪತ್ರೆ, ಪ್ರವಾಸಿ ಮಂದಿರಗಳ ದುರಸ್ತಿ ಮಾಡಿಸಿಕೊಂಡೇ ನಿವೃತ್ತನಾದವನು ನಾನು. ಬಂದವರು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ. ಮನೆ ಮುಂದೆ ಸಂಜೆ ಹೊತ್ತು ಕೂರೋಕೆ ಡೆಕ್ ಮಾಡಿಸ್ತಿದ್ದೀವಿ. ಯಾವ ಹಲಗೆ ಹಾಕಿಸೋಣ? ಅಂಚಿಗೆ ಸ್ಟೀಲ್ ಕಂಬಿ ಒಳ್ಳೇದೋ, ಗಾಜು ಒಳ್ಳೇದೋ? ಬಿಸಿಲಿಗೆ ಸೀಳಬಾರದು, ಮಳೆಗೆ ಕೊಳೆಯಬಾರದು, ಗೆದ್ದಲು ಹತ್ತಬಾರದು.

ನಾನು ಅವರಿಗೆ ಹೇಳುವುದು ಇಷ್ಟು: ಅಂಗಡಿಗೆ ಹೋಗುವುದಕ್ಕೆ ಮುಂಚೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಹಳೇ ಜಗಲಿಗಳನ್ನು ನೋಡಿಕೊಂಡು ಬನ್ನಿ. ನೆಲದಿಂದ ಎತ್ತರಿಸಿದ ಕೂರುವ ಜಾಗ, ಅದರ ಅಂಚಿಗೊಂದು ಆಸರೆ, ಇವೆರಡೂ ಈ ಸೀಮೆಗೆ ಹೊಸವಲ್ಲ. ನೂರಾರು ವರ್ಷ ಬಿಸಿಲಿಗೂ ಮಳೆಗೂ ಬಿಟ್ಟು ಪರೀಕ್ಷೆ ಮಾಡಿದ ಫಲಿತಾಂಶ ನಮ್ಮ ಊರುಗಳ ಬೀದಿಯಲ್ಲೇ ಕೂತಿದೆ. ಅದನ್ನು ಓದಿಕೊಳ್ಳದೆ ಹೊಸ ಸಾಮಾನಿಗೆ ದುಡ್ಡು ಸುರಿಯುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದ್ದರಿಂದ ಆ ಚರಿತ್ರೆಯನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಬಿಸಿಲು, ಗೆದ್ದಲು, ಮಂಜು

ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚೆ ಇದೆಲ್ಲ ಕೋಲಾರ ಜಿಲ್ಲೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ನದಿಗಳು ನಂದಿ ಸೀಮೆಯ ಬೆಟ್ಟಗಳಲ್ಲೇ ಹುಟ್ಟುತ್ತವೆ. ಆದರೂ ವರ್ಷವಿಡೀ ಹರಿಯುವ ಹೊಳೆ ಒಂದೂ ನಮಗಿಲ್ಲ. ಬರುವ ಮಳೆ ಕಡಿಮೆ. ಬಂದಾಗ ಮಾತ್ರ ಜೋರಾಗಿ, ಹೆಚ್ಚಿನ ಪಾಲು ಆಗಸ್ಟಿನಿಂದ ಅಕ್ಟೋಬರಿನೊಳಗೆ, ಗಾಳಿಯ ಜೊತೆ ಓರೆಯಾಗಿ ಬಡಿಯುತ್ತದೆ. ಉಳಿದ ತಿಂಗಳುಗಳಲ್ಲಿ ಬಿಸಿಲು. ಏಪ್ರಿಲ್ ಮಧ್ಯಾಹ್ನ ಸುಟ್ಟ ಮರದ ಹಲಗೆ ರಾತ್ರಿ ತಣ್ಣಗಾಗುತ್ತದೆ, ಬೆಳಗಾದರೆ ಮತ್ತೆ ಸುಡುತ್ತದೆ. ಮರವನ್ನು ಸೀಳುವುದಕ್ಕೆ ಬಿಸಿಲೊಂದೇ ಸಾಲದು. ಹೀಗೆ ದಿನಾ ಹಿಗ್ಗಿ ಕುಗ್ಗುವುದು, ನಡುವೆ ಒಮ್ಮೆ ನೀರು ಕುಡಿದು ಮತ್ತೆ ಒಣಗುವುದು, ಇವೆಲ್ಲ ಸೇರಿ ಅದನ್ನು ಸೀಳುತ್ತವೆ.

ಇದರ ಮೇಲೆ ಕೆಂಪು ಮಣ್ಣಿನ ಗೆದ್ದಲು. ನಮ್ಮ ಕಡೆ ನೆಲಕ್ಕೆ ತಾಗಿದ ಮರ ಗೆದ್ದಲಿನ ಪಾಲು ಎಂದೇ ಲೆಕ್ಕ. ಅದು ಒಳಗೇ ಮಣ್ಣಿನ ಸುರಂಗ ಕಟ್ಟಿಕೊಂಡು ಮೇಲಕ್ಕೆ ಹತ್ತುವುದರಿಂದ, ಹೊರಗೆ ಬಣ್ಣ ಮಾಸದ ಕಂಬ ಒಳಗೆ ಟೊಳ್ಳಾಗಿರುತ್ತದೆ.

ನಾಲ್ಕೂ ತಾಲ್ಲೂಕಿನ ಹವೆ ಒಂದೇ ಅಲ್ಲ. ನಂದಿ ಬೆಟ್ಟದ ನೆತ್ತಿ 1478 ಮೀಟರ್ ಎತ್ತರದಲ್ಲಿದೆ, ಗೌರಿಬಿದನೂರು ಸುಮಾರು 700 ಮೀಟರ್ ಎತ್ತರದಲ್ಲಿ. ಬೆಟ್ಟದ ಮೇಲೆ ತಿಂಗಳುಗಟ್ಟಲೆ ಮಂಜು ಕಬ್ಬಿಣವನ್ನು ಒದ್ದೆ ಮಾಡುತ್ತಲೇ ಇರುತ್ತದೆ. ಕೆಳಗೆ ಗೌರಿಬಿದನೂರಿನ ಬಯಲಿನಲ್ಲಿ ಅದೇ ಕಬ್ಬಿಣ ಬಹುಕಾಲ ತುಕ್ಕು ಹಿಡಿಯದೆ ನಿಲ್ಲುತ್ತದೆ, ಆದರೆ ಬಣ್ಣ ಮಾತ್ರ ಬಿಸಿಲಿಗೆ ಪುಡಿಯಾಗಿ ಉದುರುತ್ತದೆ. ಬೆಟ್ಟದ ಕಂಬಿಗೆ ತುಕ್ಕು ಕೆರೆದು ಬಣ್ಣ ಹೊಡೆಸಿ ಬಂದ ವರ್ಷವೇ ಬಯಲಿನ ಕಂಬಿಗೆ ಬರೀ ಬಿಸಿಲಿನಿಂದ ಬಣ್ಣ ಹೊಡೆಸಬೇಕಾದದ್ದನ್ನು ನಾನು ಕಂಡಿದ್ದೇನೆ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರವಿರುವಾಗ ಎಲ್ಲಕ್ಕೂ ಒಂದೇ ಸಾಮಾನು ಎಂದು ಹೇಳುವ ಮಾತು ನಿಲ್ಲುವುದಿಲ್ಲ.

ಈ ಕಷ್ಟಕ್ಕೆಲ್ಲ ಉತ್ತರವಾಗಿ ನೆಲವೇ ಕೊಟ್ಟದ್ದು ಬಂಡೆ. ನಂದಿ, ಚಿಕ್ಕಬಳ್ಳಾಪುರದ ಗ್ರಾನೈಟು ಸುಮಾರು 250 ಕೋಟಿ ವರ್ಷ ಹಳೆಯದು. ಇಲ್ಲಿಯ ನೆಲ ಎಷ್ಟು ಗಟ್ಟಿ, ಎಷ್ಟು ನಿಶ್ಚಲ ಎಂದರೆ, ದೂರದೂರದ ಭೂಕಂಪಗಳನ್ನೂ ಭೂಗರ್ಭದ ಅಣುಸ್ಫೋಟಗಳನ್ನೂ ಆಲಿಸುವ ಕೇಂದ್ರವನ್ನು 1965ರಲ್ಲಿ ಗೌರಿಬಿದನೂರಿನಲ್ಲೇ ಸ್ಥಾಪಿಸಿದರು.

ನಂದಿಯ ದೇವಸ್ಥಾನ ಹೇಳುವ ಪಾಠ

ಬೆಟ್ಟದ ಬುಡದ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಮೂಲ 9ನೇ ಶತಮಾನದ ಆರಂಭಕ್ಕೆ ಹೋಗುತ್ತದೆ. ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೆ ಒಬ್ಬರು ಅಲ್ಲಿ ಕಟ್ಟಿಸುತ್ತಾ ಬಂದರು. ಭಕ್ತರು ಶಿವನನ್ನು ನೋಡಲು ಹೋಗುತ್ತಾರೆ, ನಾನು ಶಿವನನ್ನೂ ನೋಡಿ ಆಮೇಲೆ ನೆಲವನ್ನು ನೋಡುತ್ತೇನೆ.

ಅಂಗಳದ ಚಪ್ಪಡಿಗಳ ಮೇಲೆ ಮಳೆ ಬಂದು ನಿಂತ ಮೇಲೆ ಹೋಗಿ ನೋಡಬೇಕು. ನೀರು ಎತ್ತ ಹರಿಯಬೇಕೋ ಅತ್ತ ಹರಿಯುತ್ತದೆ. ಶೃಂಗಿ ತೀರ್ಥ ಎಂಬ ಅಲ್ಲಿಯ ಕಲ್ಯಾಣಿಯ ಸುತ್ತ ಕಂಬಗಳ ಮಂಟಪದ ಸಾಲಿದೆ, ನಡುವೆ ನಾಲ್ಕೂ ಕಡೆಯಿಂದ ಇಳಿಯುವ ಮೆಟ್ಟಿಲು. ಸದಾ ನೀರು ಮುಟ್ಟುವ, ಸಾವಿರಾರು ಕಾಲು ತುಳಿಯುವ, ಬಿಸಿಲು ನೇರ ಬೀಳುವ ಜಾಗ ಅದು. ಬೇರೆ ಯಾವ ಸಾಮಾನನ್ನು ಅಲ್ಲಿ ಹಾಕಿದ್ದರೂ ಶತಮಾನಗಳ ಮಾತು ಹಾಗಿರಲಿ, ಒಂದು ತಲೆಮಾರು ಕಳೆಯುವುದೂ ಕಷ್ಟವಿತ್ತು. ಗೋಡೆಯಲ್ಲಿ ಕೊರೆದ ಕಲ್ಲಿನ ಜಾಲಂಧ್ರಗಳಲ್ಲಿ ನಾಟ್ಯವಾಡುವ ಶಿವನಿದ್ದಾನೆ, ದುರ್ಗೆಯಿದ್ದಾಳೆ. ಗಾಳಿ ಬೆಳಕು ಬಿಡಬೇಕು, ತಡೆಯೂ ಆಗಬೇಕು ಎನ್ನುವ ಕಡೆಗೂ ಕಲ್ಲನ್ನೇ ಬಳಸಿದ್ದಾರೆ.

ಕಲ್ಲಿನ ಬಲ, ದೌರ್ಬಲ್ಯ ಎರಡನ್ನೂ ಅವರು ಬಲ್ಲವರಾಗಿದ್ದರು. ಕಲ್ಲು ಮೇಲಿನಿಂದ ಬೀಳುವ ಭಾರವನ್ನು ಎಷ್ಟು ಬೇಕಾದರೂ ಹೊರುತ್ತದೆ, ಬಾಗಿಸಿದರೆ ಮಾತ್ರ ತಟ್ಟನೆ ಮುರಿಯುತ್ತದೆ. ಅದಕ್ಕೇ ಕಂಬಗಳು ಒತ್ತೊತ್ತಾಗಿ ನಿಂತಿವೆ. ಕಂಬದ ತಲೆಯ ಮೇಲಿನ ಬೋದಿಗೆಗಳು ಎರಡೂ ಕಡೆ ಚಾಚಿ ತೊಲೆಯ ಹಾರುವ ಉದ್ದವನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ನಮ್ಮ ಹಳ್ಳಿಮನೆಯ ಕಲ್ಲುಚಪ್ಪಡಿ ಮಾಳಿಗೆಗಳ ಕೋಣೆ ಏಳೆಂಟು ಅಡಿಗಿಂತ ಅಗಲವಾಗಿ ಬೆಳೆಯದಿದ್ದುದಕ್ಕೂ ಇದೇ ಕಾರಣ. ದೇವಸ್ಥಾನದ ಲೆಕ್ಕವೇ ಮನೆಗೂ ಬಂತು.

ಚಪ್ಪಡಿ ಎಬ್ಬಿಸುವ ವಿದ್ಯೆ

ಮನೆಗೆ ಬೇಕಾದದ್ದು ತೆಳುವಾದ, ಚಪ್ಪಟೆಯಾದ, ಉದ್ದನೆಯ ಕಲ್ಲು. ಅದನ್ನು ಬಂಡೆಯಿಂದ ಎಬ್ಬಿಸುವ ವಿದ್ಯೆ ಈ ಸೀಮೆಯ ಕಲ್ಲುಕುಟಿಕರದು, ಮುಖ್ಯವಾಗಿ ಭೋವಿ ಸಮುದಾಯದವರದು. ಹಾಸುಬಂಡೆಯ ಮೇಲೆ ಸೌದೆಯನ್ನು ಸಾಲಾಗಿ ಜೋಡಿಸಿ ಬೆಂಕಿ ಹಚ್ಚುತ್ತಾರೆ. ಬೆಂಕಿ ತಾಗಿದ ಮೇಲ್ಪದರ ಹಿಗ್ಗುತ್ತದೆ, ಕೆಳಗಿನ ತಣ್ಣನೆಯ ಬಂಡೆ ಹಿಗ್ಗುವುದಿಲ್ಲ. ಈ ಎಳೆದಾಟದಲ್ಲಿ ಮೇಲಿನ ಪದರ ಕೆಳಗಿನ ಬಂಡೆಯನ್ನು ಬಿಟ್ಟು ಏಳುತ್ತದೆ. ಒಬ್ಬರು ಸುತ್ತಿಗೆಯಿಂದ ತಟ್ಟುತ್ತಾ ಸದ್ದು ಕೇಳುತ್ತಿರುತ್ತಾರೆ. ಗಟ್ಟಿ ಬಂಡೆಯ ಸದ್ದು ಹೋಗಿ ಪೊಳ್ಳು ಸದ್ದು ಬಂತೆಂದರೆ ಅಲ್ಲಿ ಪದರ ಬಿಟ್ಟಿತು ಎಂದರ್ಥ. ಕೂಡಲೇ ಬೆಂಕಿಯನ್ನು ಇನ್ನೂ ಕೆಲವು ಅಂಗುಲ ಮುಂದಕ್ಕೆ ತಳ್ಳುತ್ತಾರೆ. ಹೀಗೆ ಎದ್ದ ದೊಡ್ಡ ಹಾಸನ್ನು ಆಮೇಲೆ ಚಾಣದಿಂದ ಗೆರೆ ಹೊಡೆದು, ಗೆರೆಗುಂಟ ಸೀಳಿ, ಬೇಕಾದ ಅಗಲದ ಚಪ್ಪಡಿ ಮಾಡುತ್ತಾರೆ.

ಬೆಂಗಳೂರಿನ ಬಳಿ ಈ ಕೆಲಸವನ್ನು ಕಣ್ಣಾರೆ ಕಂಡ ಎಚ್. ವಾರ್ತ್ ಎಂಬ ವಿಜ್ಞಾನಿ 1895ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಅದರ ವಿವರ ಬರೆದರು. ಓದು ಬರಹ ಬಾರದ ಜನ ಸೌದೆ, ಸುತ್ತಿಗೆ, ಕಿವಿ ಇಷ್ಟರಿಂದಲೇ ಬಂಡೆಯನ್ನು ಹಾಳೆ ಹಾಳೆಯಾಗಿ ಬಿಡಿಸುವ ಕೆಲಸ ಪ್ರಪಂಚದ ವಿಜ್ಞಾನಿಗಳ ಗಮನಕ್ಕೆ ಬಂದದ್ದು ಹಾಗೆ. ಈ ವಿಷಯ ನಮ್ಮ ಶಾಲಾ ಮಕ್ಕಳಿಗೆ ಗೊತ್ತಾಗಬೇಕು ಎಂಬುದು ನನ್ನ ಬಹುದಿನದ ಆಸೆ.

ಚಪ್ಪಡಿಯಿಂದ ಆಗದ ಕೆಲಸವಿಲ್ಲ. ಮಲಗಿಸಿದರೆ ಜಗಲಿ, ಮೇಲೆ ಹೊದಿಸಿದರೆ ಮಾಳಿಗೆ, ಸಾಲಾಗಿ ನಿಲ್ಲಿಸಿ ಹೂತರೆ ಹಿತ್ತಲಿನ ಗೋಡೆ. ಇನ್ನೂ ಕಿರಿದಾಗಿ ಸೀಳಿದರೆ ಕಲ್ಲುಕೂಚ. ಮರದ ಗೂಟ ನಾಲ್ಕೈದು ಮಳೆಗಾಲಕ್ಕೆ ಬುಡದಲ್ಲಿ ಮುರಿದು ಬೀಳುವ ನೆಲದಲ್ಲಿ ಕಲ್ಲುಕೂಚ ಬೇಲಿಗೂ ಬಂತು, ಚಪ್ಪರಕ್ಕೂ ಬಂತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆ ದ್ರಾಕ್ಷಿ ತೋಟಗಳಲ್ಲಿ ತಂತಿಯ ಚಪ್ಪರವನ್ನು ಹೊತ್ತು ನಿಂತಿರುವ ಕಲ್ಲುಕಂಬಗಳ ಸಾಲನ್ನು ದಾರಿಹೋಕರೆಲ್ಲ ಕಂಡಿರುತ್ತಾರೆ. ನೀರು, ಗೊಬ್ಬರ, ಔಷಧಿ ಸಿಂಪಡಣೆ, ಬಿಸಿಲು ಯಾವುದಕ್ಕೂ ಅವು ಜಗ್ಗುವುದಿಲ್ಲ. ಬಳ್ಳಿ ಕಿತ್ತು ಬೇರೆ ಬೆಳೆ ಇಟ್ಟರೂ ಕಂಬ ಕಿತ್ತು ಇನ್ನೊಂದು ತೋಟದಲ್ಲಿ ನೆಡುತ್ತಾರೆ. ಎರಡನೇ ಸಲ, ಮೂರನೇ ಸಲ ಬಳಸಲು ಬರುವ ಸಾಮಾನನ್ನೇ ನಾನು ಬಾಳಿಕೆ ಬರುವ ಸಾಮಾನು ಎನ್ನುವುದು.

ಒಂದು ಜಗಲಿ, ಹತ್ತಿರದಿಂದ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಿನಲ್ಲಿ ನಮ್ಮ ತಾತ ಕಟ್ಟಿಸಿದ ಜಗಲಿ ಈಗಲೂ ಇದೆ. ಅದನ್ನು ಅಳತೆಪಟ್ಟಿ ಹಿಡಿದು ನೋಡಿದ ಮೇಲೆ ನನಗೆ ಕಾಲೇಜಿನ ಪಾಠಗಳು ಸರಿಯಾಗಿ ಅರ್ಥವಾದವು.

ನೆಲದಿಂದ ಎರಡೂವರೆ ಅಡಿ ಎತ್ತರ. ಬುಡಕ್ಕೆ ಸೈಜುಗಲ್ಲಿನ ಕಟ್ಟಡ, ಒಳಗೆ ಕುಟ್ಟಿದ ಗರಸುಮಣ್ಣು, ಮೇಲೆ ಮೂರು ಅಂಗುಲ ದಪ್ಪದ ಚಪ್ಪಡಿ. ಚಪ್ಪಡಿಯ ಅಂಚು ಕೆಳಗಿನ ಕಟ್ಟಡಕ್ಕಿಂತ ನಾಲ್ಕು ಬೆರಳು ಮುಂದೆ ಚಾಚಿದೆ. ಮೇಲೆ ಬಿದ್ದ ನೀರು ಅಂಚಿನಿಂದ ನೇರ ನೆಲಕ್ಕೆ ಬೀಳುತ್ತದೆಯೇ ಹೊರತು ಗೋಡೆ ಹಿಡಿದು ಇಳಿಯುವುದಿಲ್ಲ. ಇಡೀ ಜಗಲಿಗೆ ಬೀದಿಯ ಕಡೆ ವಾಟವಿದೆ. ರಸಮಟ್ಟ ಇಟ್ಟರೆ ಗೊತ್ತಾಗುವಷ್ಟು, ಕೂತವರಿಗೆ ಗೊತ್ತಾಗದಷ್ಟು. ಚಪ್ಪಡಿಗಳ ಮೇಲ್ಮೈಯನ್ನು ನುಣುಪು ಮಾಡದೆ ಉಳಿ ಏಟಿನ ತರಿ ಉಳಿಸಿದ್ದಾರೆ. ಮಳೆಯಲ್ಲಿ ಕಾಲು ಜಾರುವುದಿಲ್ಲ. ಮೇಲಿನ ಸೂರು ಜಗಲಿಯ ಅಂಚನ್ನೂ ದಾಟಿ ಮುಂದೆ ಬಂದಿದೆ. ಬಿಸಿಲಿಗೆ ಕಲ್ಲು ಕಾಯುತ್ತದೆ ಎಂಬುದು ನಿಜ, ಹಾಗೆಂದೇ ಅದನ್ನು ನೆರಳಿನಲ್ಲಿ ಇಟ್ಟಿದ್ದಾರೆ. ಸಂಜೆ ಒಂದು ಬಿಂದಿಗೆ ನೀರು ಚಿಮುಕಿಸಿದರೆ ಕೂರಲು ತಂಪಾದ ಜಾಗ.

ಮರದ ಕಂಬಗಳು ಹೊನ್ನೆಯವು. ಅವು ಚಪ್ಪಡಿಯ ಮೇಲೆ ನೇರ ನಿಂತಿಲ್ಲ. ಒಂದು ಗೇಣು ಎತ್ತರದ ಅಡಿಗಲ್ಲು, ಅದರ ಮೇಲೆ ಕಂಬ. ಮರ ನೀರು ಕುಡಿಯುವುದು ಕೊಯ್ದ ತುದಿಯಿಂದ, ಗೆದ್ದಲು ಹತ್ತುವುದು ಬುಡದಿಂದ. ಒಂದು ಗೇಣು ಕಲ್ಲು ಎರಡನ್ನೂ ತಡೆದಿದೆ. ಗೆದ್ದಲು ಹತ್ತಿದರೂ ಕಲ್ಲಿನ ಮೇಲೆ ಮಣ್ಣಿನ ಗೆರೆ ಕಟ್ಟಿಕೊಂಡೇ ಹತ್ತಬೇಕು, ಬೆಳಿಗ್ಗೆ ಕಸ ಗುಡಿಸುವವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಮ್ಮಜ್ಜಿ ಪೊರಕೆಯ ಹಿಂಬದಿಯಿಂದ ಅದನ್ನು ಕೆರೆದು ಹಾಕುತ್ತಿದ್ದಳು, ವರ್ಷಕ್ಕೊಮ್ಮೆ ಕಂಬಗಳಿಗೆ ಹೊಂಗೆ ಎಣ್ಣೆ ಹಚ್ಚಿಸುತ್ತಿದ್ದಳು.

ಆ ಜಗಲಿ ಕೂರುವುದಕ್ಕಷ್ಟೇ ಇದ್ದದ್ದಲ್ಲ. ಅಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಹುಳು ಹಣ್ಣಾದಾಗ ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಟ್ಟು, ಚಂದ್ರಿಕೆಗಳನ್ನು ಗಾಳಿಯಾಡಲೆಂದು ಜಗಲಿಯ ಮೇಲೆ ಓರೆಯಾಗಿ ನಿಲ್ಲಿಸುತ್ತಿದ್ದರು. ಗೂಡು ಕಟ್ಟುವ ಮುಂಚೆ ಹುಳು ಹೊಟ್ಟೆಯೊಳಗಿನ ನೀರನ್ನೆಲ್ಲ ಬಿಡುತ್ತದೆ. ಮಣ್ಣಿನ ನೆಲವಾದರೆ ಅದನ್ನು ಹೀರಿ ನಾರುತ್ತದೆ, ಕಲ್ಲಾದರೆ ಎರಡು ಕೊಡ ನೀರು ಹುಯ್ದು ಗುಡಿಸಿದರೆ ಮುಗಿಯಿತು. ಹುಳುಮನೆಯನ್ನು ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ತೊಳೆಯುವ ಪದ್ಧತಿ ಬಂದಾಗಲೂ ಕಲ್ಲಿಗೆ ಏನೂ ಆಗಲಿಲ್ಲ. ಆಮೇಲೆ ಹಾಕಿಸಿದ ಕಬ್ಬಿಣದ ಕಿಟಕಿ ಸರಳುಗಳನ್ನು ಮಾತ್ರ ಬ್ಲೀಚಿಂಗ್ ಪುಡಿ ಬುಡದಲ್ಲಿ ತಿಂದುಹಾಕಿತು. ಬಯಲುಸೀಮೆಯ ಒಣ ಹವೆಯಲ್ಲೂ ಮನೆಯೊಳಗೆ ಸಮುದ್ರ ತೀರದಂಥ ತುಕ್ಕು ಹುಟ್ಟಿಸುವ ಕಸುಬು ನಮ್ಮದು. ಶಿಡ್ಲಘಟ್ಟದಲ್ಲಿ ಹುಳುಮನೆಗೆ ಕಂಬಿ, ಬಾಗಿಲು ಹಾಕಿಸುವವರು ಇದನ್ನು ಮರೆಯಬಾರದು.

ಊರಿನ ಅರಳಿಕಟ್ಟೆಯನ್ನೂ ಇದೇ ಕ್ರಮದಲ್ಲಿ ಕಟ್ಟಿದ್ದಾರೆ. ಅದು ಇಡೀ ಊರಿನ ಜಗಲಿ. ಅಲ್ಲಿ ಚಪ್ಪಡಿಗಳನ್ನು ಗಾರೆಯಿಲ್ಲದೆ ಬರಿದೇ ಕೂರಿಸಿರುವುದಕ್ಕೆ ಕಾರಣವಿದೆ. ಮರ ಬೆಳೆಯುತ್ತದೆ, ಬೇರು ಉಬ್ಬಿ ಚಪ್ಪಡಿಯನ್ನು ಎತ್ತುತ್ತದೆ. ಬಿಡಿ ಚಪ್ಪಡಿಯಾದರೆ ಹಾರೆ ಹಾಕಿ ಎತ್ತಿ, ಮಣ್ಣು ಸರಿಮಾಡಿ, ಮತ್ತೆ ಕೂರಿಸಬಹುದು. ಈಚೆಗೆ ಹಲವು ಊರುಗಳಲ್ಲಿ ಅನುದಾನ ಬಂತೆಂದು ಕಟ್ಟೆಗೆ ಸಿಮೆಂಟು ಹಾಕಿ ಮೇಲೆ ನುಣುಪಾದ ಟೈಲ್ಸ್ ಅಂಟಿಸಿದ್ದಾರೆ. ಬೇರು ಅದನ್ನು ಸೀಳಿದೆ, ಮಳೆಯಲ್ಲಿ ಮುದುಕರು ಅದರ ಮೇಲೆ ಜಾರುತ್ತಾರೆ.

ಕಬ್ಬಿಣ ಬಂದ ಕಾಲ

ಕಟಕಟೆ ಮೊದಲಿಗೆ ಮರದ್ದೇ. ಚಿಂತಾಮಣಿಯಂಥ ವ್ಯಾಪಾರದ ಊರುಗಳಲ್ಲಿ ಹಳೇ ವರ್ತಕರ ಮನೆಗಳ ಮಹಡಿಗೆ ಕಡೆದ ತೇಗದ ಮರದ ಕಂಬಿಗಳ ಕಟಾಂಜನ ಇರುತ್ತಿತ್ತು, ಅದರ ಮೇಲೆ ಅಗಲವಾದ ಕೈಪಿಡಿ. ಕೈಪಿಡಿಯ ಮೇಲ್ಭಾಗ ಗುಂಡಾಗಿ ಇರುವುದು ಹಿಡಿತಕ್ಕೆಂದು ಮಾತ್ರವಲ್ಲ, ನೀರು ನಿಲ್ಲದಿರಲಿ ಎಂದೂ ಹೌದು. ಮುಂದೆ ಚಾಚಿದ ಸೂರಿನ ಕೆಳಗಿದ್ದ ಕಟಾಂಜನಗಳು ಉಳಿದವು. ಸೂರು ಕಿತ್ತು ತಾರಸಿ ಮಾಡಿಸಿದ ಮನೆಗಳಲ್ಲಿ ಅದೇ ತೇಗ ಕೆಲವೇ ವರ್ಷಗಳಲ್ಲಿ ಬೂದುಬಣ್ಣಕ್ಕೆ ತಿರುಗಿ ಸೀಳಿತು. ಮರ ಒಂದೇ, ನೆರಳು ಹೋದದ್ದಷ್ಟೇ ವ್ಯತ್ಯಾಸ.

ನಂದಿ ಬೆಟ್ಟಕ್ಕೆ 19ನೇ ಶತಮಾನದಲ್ಲಿ ಬ್ರಿಟಿಷರು ಬಂಗಲೆಗಳನ್ನು ತಂದರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಗೆ ಅಲ್ಲಿ ಮನೆ ಮಾಡಿಕೊಂಡಿದ್ದರು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಗಾಂಧೀಜಿ ಬಂದು ತಂಗಿದ್ದೂ ಅದೇ ಮನೆಯಲ್ಲಿ. ಮನೆಗೆ ಆತುಕೊಂಡ ಅಗಲವಾದ ವರಾಂಡ, ಇಳಿಜಾರು ಸೂರು ಎಂಬ ಬಂಗಲೆ ಪದ್ಧತಿಯ ಮೂಲತತ್ವ ನಮ್ಮ ಜಗಲಿಯದೇ.

ಆಮೇಲೆ ರೈಲು. ಗೌರಿಬಿದನೂರಿನ ಮೇಲೆ ಗುಂತಕಲ್ಲಿನ ಕಡೆಗೆ ಹೋಗುವ ದಾರಿ 19ನೇ ಶತಮಾನದ ಕೊನೆಗೆ ಬಂತು. ಬೆಂಗಳೂರಿನಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಕ್ಕೂ ಅಲ್ಲಿಂದ ಶಿಡ್ಲಘಟ್ಟ, ಚಿಂತಾಮಣಿಯ ಮೇಲೆ ಕೋಲಾರಕ್ಕೂ ಸಣ್ಣ ರೈಲು 1915ರ ಸುತ್ತಿನ ವರ್ಷಗಳಲ್ಲಿ ಓಡತೊಡಗಿತು. ಆ ದಾರಿಯ ನಂದಿ ಹಾಲ್ಟ್ ನಿಲ್ದಾಣದ ಹಳೇ ಕಟ್ಟಡವನ್ನು ಇಂಟ್ಯಾಕ್ ಸಂಸ್ಥೆ ರೈಲ್ವೆಯ ಜೊತೆ ಸೇರಿ ಈಚೆಗೆ ದುರಸ್ತಿ ಮಾಡಿದೆ. ನೋಡಿ ಬರಬೇಕಾದ ಕೆಲಸ. ರೈಲಿನ ಜೊತೆ ಮಂಗಳೂರು ಹೆಂಚು, ಕಬ್ಬಿಣದ ತೊಲೆ, ಸರಳು ಎಲ್ಲವೂ ಒಳನಾಡಿಗೆ ಬಂದವು. ಹಳಿಯಿಂದ ತೆಗೆದ ಹಳೇ ರೈಲು ಕಂಬಿಗಳು ಮಾಳಿಗೆಯ ತೊಲೆಗಳಾದವು, ಗೇಟಿನ ಕಂಬಗಳಾದವು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಯೋಜನೆಯ ಫಲವಾಗಿ 1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ತಯಾರಾಗತೊಡಗಿತು. ಮೈಸೂರು ಸೀಮೆಯಲ್ಲೇ ಕಬ್ಬಿಣ ದೊಡ್ಡ ಪ್ರಮಾಣದಲ್ಲಿ ಹುಟ್ಟುವ ಕಾಲ ಬಂತು.

ಆ ಕಾಲದ ಕಬ್ಬಿಣದ ಕಟಕಟೆಗಳಲ್ಲಿ ನಾನು ಮೆಚ್ಚುವ ಗುಣವೊಂದಿದೆ. ಸರಳನ್ನು ನೇರ ನೆಲಕ್ಕೆ ಹೂಳದೆ ಕಲ್ಲಿಗೆ ಕುಳಿ ಹೊಡೆದು, ಸರಳು ಇಳಿಸಿ, ಕಾಯಿಸಿದ ಸೀಸ ಹೊಯ್ಯುತ್ತಿದ್ದರು. ಸೀಸ ಕುಳಿಯನ್ನು ಮುಚ್ಚಿ ನೀರು ಇಳಿಯದಂತೆ ತಡೆಯುತ್ತಿತ್ತು. ಕಂಬಿಯ ಆಯಸ್ಸು ತೀರುವುದು ಯಾವಾಗಲೂ ಬುಡದಲ್ಲಿ. ಹಾಗಾಗಿ ನಾನು ಹಳೇ ಕಟಕಟೆಯ ಪರಿಶೀಲನೆಗೆ ಹೋದಾಗ ಮೊದಲು ಕುಕ್ಕರುಗಾಲಲ್ಲಿ ಕೂತು ಬುಡ ನೋಡುತ್ತಿದ್ದೆ, ಮೇಲಿನ ಬಣ್ಣ ನೋಡುವುದು ಆಮೇಲೆ.

ಸಿಮೆಂಟು, ನೀಲಗಿರಿ, ಈಗಿನ ಹಲಗೆ

ಸಿಮೆಂಟು ಬಂದ ಮೇಲೆ ತೆಳ್ಳನೆಯ ಕಾಂಕ್ರೀಟು ಕಂಬಿಗಳ ಅಲಂಕಾರ ಊರೂರಿಗೂ ಹರಡಿತು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಅವು ಒಡೆಯಲು ಶುರುವಾಗಿದ್ದವು. ಕಾರಣ ಸರಳ. ಒಳಗಿನ ಕಬ್ಬಿಣಕ್ಕೆ ಕನಿಷ್ಠ ಒಂದು ಅಂಗುಲದಷ್ಟಾದರೂ ಕಾಂಕ್ರೀಟಿನ ಹೊದಿಕೆ ಬೇಕು, ಅಷ್ಟು ತೆಳ್ಳನೆಯ ಕಂಬಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ನೀರು ಇಳಿದು ಕಬ್ಬಿಣ ತುಕ್ಕಾಗುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಒಳಗಿನಿಂದ ಕಾಂಕ್ರೀಟನ್ನು ಸೀಳಿ ಹೊರಬರುತ್ತದೆ. ಒಂದು ಶಾಲೆಯ ಮಹಡಿಯಲ್ಲಿ ಮಕ್ಕಳು ಒರಗುವ ಅಂಥ ಕಂಬಿಯನ್ನು ಕೈಯಿಂದಲೇ ಕಿತ್ತು ತೆಗೆದದ್ದು ನೆನೆದರೆ ಈಗಲೂ ಎದೆ ನಡುಗುತ್ತದೆ. ಮರುದಿನವೇ ಅಲ್ಲಿ ಇಟ್ಟಿಗೆಯ ಅಡ್ಡಗೋಡೆ ಏಳಿಸಿದೆವು. ಎದೆಮಟ್ಟದ ತಡೆ ಎಂಬುದು ಅಲಂಕಾರದ ವಸ್ತುವಲ್ಲ, ಯಾರದೋ ಮಗುವಿನ ಜೀವ ಅದರ ಮೇಲೆ ಒರಗಿರುತ್ತದೆ.

ಅಗ್ಗದ ಆಸರೆಗೆ ನೀಲಗಿರಿ ಬಂತು. ಈ ಮರ ನಂದಿ ಬೆಟ್ಟಕ್ಕೆ ಟಿಪ್ಪುವಿನ ಕಾಲದಲ್ಲಿ, ಸುಮಾರು 1790ರಲ್ಲಿ ಬಂತೆಂಬುದು ದಾಖಲಾದ ವಿಷಯ. ಎರಡು ಶತಮಾನದಲ್ಲಿ ಅದು ಕೋಲಾರ ಸೀಮೆಯ ಹೊಲಗಳನ್ನೆಲ್ಲ ತುಂಬಿ, ಅಂತರ್ಜಲದ ಚಿಂತೆ ಹೆಚ್ಚಿ, 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ನೀಲಗಿರಿ ಗಳವನ್ನು ನೆಲಕ್ಕೆ ಹೂತು ಮಾಡಿದ ಕಂಬ, ಕಟಕಟೆಗಳು ತಿರುಚಿಕೊಂಡು ಗೆದ್ದಲಿನ ಪಾಲಾದವು.

ಗೌರಿಬಿದನೂರಿನ ಕಡೆ ಆಂಧ್ರದಿಂದ ಕಡಪ ಕಲ್ಲು ಸುಲಭವಾಗಿ ಬಂತು. ಕರಿಯ ಬಣ್ಣ, ಹಗುರ ಬೆಲೆ. ಅಡುಗೆಮನೆಯ ಕಟ್ಟೆಗೆ ಅದು ಒಳ್ಳೆಯದೇ, ಆದರೆ ಪದರ ಪದರವಾಗಿ ಕೂಡಿದ ಸುಣ್ಣದ ಜಾತಿಯ ಕಲ್ಲು. ಬಿಸಿಲು ಮಳೆಗೆ ಬಿಟ್ಟ ಜಗಲಿಗೆ ಹಾಕಿದರೆ ಹಪ್ಪಳದ ಹಾಗೆ ಪದರ ಏಳುತ್ತದೆ.

ಇನ್ನು ಈಗಿನ ಸಾಮಾನು. ಮರದ ಪುಡಿಗೆ ಪ್ಲಾಸ್ಟಿಕ್ಕು ಬೆರೆಸಿ ಮಾಡಿದ ಡಬ್ಲ್ಯುಪಿಸಿ ಹಲಗೆಯನ್ನು ಗೆದ್ದಲು ಮುಟ್ಟುವುದಿಲ್ಲ, ಅದು ನಿಜ. ಆದರೆ 10 ಅಡಿ ಉದ್ದದ ಹಲಗೆ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ನಾಲ್ಕೈದು ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಗ್ರಾನೈಟು ಹಿಗ್ಗುವುದು ಒಂದು ಮಿಲಿಮೀಟರಿನಷ್ಟು. ತುದಿಗೆ ಸಂದು ಬಿಡದೆ ಬಿಗಿಯಾಗಿ ಹೊಡೆದರೆ ಹಲಗೆ ಕಮಾನಾಗಿ ಏಳುತ್ತದೆ. ಅದರ ಕೆಳಗಿನ ಪಟ್ಟಿಗಳು ಮರದವಾದರೆ ಗೆದ್ದಲು ಅವನ್ನು ತಿನ್ನುತ್ತದೆ. ಮೇಲೆ ನಿಂತವರಿಗೆ ತಿಳಿಯುವುದೂ ಇಲ್ಲ. ಹಾಕಿಸಲೇಬೇಕೆಂದರೆ ನೆರಳಿನಲ್ಲಿ ಹಾಕಿಸಿ, ಕೆಳಗೆ ಗಾಳಿಯಾಡಲು, ಬಗ್ಗಿ ನೋಡಲು ಜಾಗ ಬಿಡಿ.

ಸ್ಟೇನ್‌ಲೆಸ್ ಸ್ಟೀಲು ಕೊಳ್ಳುವಾಗ 304 ದರ್ಜೆಯದನ್ನೇ ಕೇಳಿ. ಅದರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ಹೊಳಪಿನಲ್ಲಿ ಅದರಂತೆಯೇ ಕಾಣುವ 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ. ನಂದಿಯ ಮಂಜಿನಲ್ಲಿ, ಹುಳುಮನೆಯ ಬ್ಲೀಚಿಂಗ್ ಪುಡಿಯ ಹತ್ತಿರ ಅದು ಬೇಗ ಕಂದು ಚುಕ್ಕೆ ಬಿಡುತ್ತದೆ. ಯಾವ ದರ್ಜೆಯಾದರೂ ಬಿಸಿಲಿಗೆ ಬಿಟ್ಟ ಲೋಹವನ್ನು ಏಪ್ರಿಲಿನಲ್ಲಿ ಕೈಯಿಂದ ಹಿಡಿಯಲಾಗದು. ಆಸರೆ ಬೇಕಾದವರು ಹೆಚ್ಚಾಗಿ ವಯಸ್ಸಾದವರು. ಹಿಡಿಯಲಾಗದ ಆಸರೆ ಅವರಿಗೆ ಇದ್ದೂ ಇಲ್ಲದ ಹಾಗೆ. ಆದ್ದರಿಂದ ನಾನು ಕಾಲಿಗೆ ಕಲ್ಲು, ಕೈಗೆ ಮರ, ನಡುವಿನ ತಡೆಗೆ ಕಬ್ಬಿಣ ಎನ್ನುತ್ತೇನೆ. ಮೂರೂ ತಮ್ಮ ತಮ್ಮ ಜಾಗದಲ್ಲಿದ್ದರೆ ಒಂದು ಇನ್ನೊಂದನ್ನು ಕಾಯುತ್ತದೆ. ಕಲ್ಲು ಮರವನ್ನು ನೆಲದಿಂದ ಎತ್ತಿ ಹಿಡಿಯುತ್ತದೆ, ಸೂರು ಎಲ್ಲವನ್ನೂ ಬಿಸಿಲು ಮಳೆಯಿಂದ ಕಾಪಾಡುತ್ತದೆ, ಕೈಪಿಡಿಯನ್ನೋ ಸರಳನ್ನೋ ಬೇಕಾದಾಗ ಬಿಚ್ಚಿ ಬದಲಾಯಿಸಬಹುದು.

ಹೊಸ ಬಂಡೆ ಬೇಡ

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲರೂ ಹೋಗಿ ಹೊಸ ಕಲ್ಲು ಕೊಳ್ಳಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬೆಂಕಿ, ಸುತ್ತಿಗೆಯ ಕಾಲ ಬಹುಮಟ್ಟಿಗೆ ಹೋಗಿ ಸಿಡಿಮದ್ದು, ಯಂತ್ರಗಳ ಕಾಲ ಬಂದಿದೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಪೇರೇಸಂದ್ರ ಸಮೀಪದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸ್ಫೋಟಿಸಿ ಆರು ಜನ ಸತ್ತರು. ಸದ್ದಿಲ್ಲದೆ ಕೊಲ್ಲುವುದು ಕಲ್ಲಿನ ಧೂಳು. ವರ್ಷಗಟ್ಟಲೆ ಅದನ್ನು ಉಸಿರಾಡಿದ ಕಲ್ಲುಕುಟಿಕರ ಶ್ವಾಸಕೋಶ ಗಟ್ಟಿಯಾಗುತ್ತದೆ, ಅದಕ್ಕೆ ಮದ್ದಿಲ್ಲ. ನಾವು ಕೂರುವ ಪ್ರತಿ ಚಪ್ಪಡಿಯ ಹಿಂದೆ ಆ ಉಸಿರಿದೆ. ಒಮ್ಮೆ ಎಬ್ಬಿಸಿದ ಕಲ್ಲನ್ನು ಪೋಲು ಮಾಡದಿರುವುದು ಆ ಜನಕ್ಕೆ ನಾವು ತೋರಿಸಬೇಕಾದ ಕನಿಷ್ಠ ಗೌರವ.

ಈಗ ಆಗುತ್ತಿರುವುದೇನು? ಹಳ್ಳಿಯಲ್ಲಿ ಹಳೇ ಮನೆ ಕೆಡವುತ್ತಾರೆ. ಜೆಸಿಬಿ ಬಂದು ಜಗಲಿಯನ್ನು ಒಂದೇ ಗುದ್ದಿಗೆ ಎತ್ತುತ್ತದೆ, ಅರ್ಧ ಚಪ್ಪಡಿ ಒಡೆದು ಗುಂಡಿಗೆ ಹೋಗುತ್ತದೆ, ಉಳಿದದ್ದನ್ನು ಲಾರಿಯವರು ಸಿಕ್ಕಿದ ಬೆಲೆಗೆ ಒಯ್ಯುತ್ತಾರೆ. ಅದೇ ಮನೆಯವರು ಹೊಸ ಮನೆಯ ಮುಂದೆ ಹಾಸಲು ಪಟ್ಟಣದಿಂದ ಟೈಲ್ಸ್ ತರುತ್ತಾರೆ.

ಹಳೇ ಚಪ್ಪಡಿಯನ್ನು ಪರೀಕ್ಷಿಸುವುದು ಕಷ್ಟವಲ್ಲ. ಶಿಡ್ಲಘಟ್ಟದಲ್ಲಿ ನನ್ನ ಜೊತೆ ದುರಸ್ತಿ ಕೆಲಸಗಳಿಗೆ ಬರುತ್ತಿದ್ದ ಹಿರಿಯ ಮೇಸ್ತ್ರಿಯೊಬ್ಬರು ತೋರಿಸಿಕೊಟ್ಟ ಕ್ರಮ ಇದು. ಚಪ್ಪಡಿಯ ಎರಡು ತುದಿಗೆ ಎರಡು ಕಲ್ಲಿಟ್ಟು ಎತ್ತಿ ನಿಲ್ಲಿಸಿ, ನಡುವೆ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. “ಸದ್ದು ಕೇಳಿ ಸಾರ್, ಕಲ್ಲು ತಾನೇ ಹೇಳುತ್ತೆ” ಎನ್ನುತ್ತಿದ್ದರು. ಖಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಬಿರುಕು. ಬಿರುಕು ಬಿಟ್ಟದ್ದನ್ನು ಅವರು ಎಸೆಯುತ್ತಿರಲಿಲ್ಲ. ನೆಲಕ್ಕೆ ಪೂರ್ತಿ ಆತುಕೊಳ್ಳುವಂತೆ ಕೂರಿಸಿದರೆ ಅದೂ ಬಾಳುತ್ತದೆ ಎಂದು ಹಿತ್ತಲಿನ ಬಟ್ಟೆ ಒಗೆಯುವ ಜಾಗಕ್ಕೆ ಹಾಕಿಸುತ್ತಿದ್ದರು.

ನಾಲ್ಕೂ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳಿಗೆ ನನ್ನದೊಂದು ಸಲಹೆ ಇದೆ. ಶಾಲೆ, ಚಾವಡಿ, ಹಳೇ ಕಟ್ಟೆ ಯಾವುದನ್ನು ಕೆಡವಿದರೂ ಮೊದಲು ಚಪ್ಪಡಿ, ಕಲ್ಲುಕಂಬ, ಬೋದಿಗೆಗಳನ್ನು ಹಾರೆಯಿಂದ ಬಿಡಿಸಿ, ಅಳೆದು, ದಾಖಲೆ ಪುಸ್ತಕದಲ್ಲಿ ಬರೆಸಿ ಜೋಡಿಸಿಡಿ. ಹೊಸ ಅಂಗನವಾಡಿಯ ಜಗಲಿಗೂ ಬಸ್ ನಿಲ್ದಾಣದ ಕೂರುವ ಕಲ್ಲಿಗೂ ಅವೇ ಸಾಕು. ಮನೆ ಕಟ್ಟಿಸುವವರಿಗೂ ಅದನ್ನೇ ಹೇಳುತ್ತೇನೆ. ನಿಮ್ಮ ಅಜ್ಜಿಮನೆಯ ಜಗಲಿ ಕೆಡವುವ ಮುಂಚೆ ಒಬ್ಬ ಒಳ್ಳೆಯ ಮೇಸ್ತ್ರಿಯನ್ನು ಕರೆಸಿ, ಎಷ್ಟು ಚಪ್ಪಡಿ ಉಳಿಯುತ್ತದೆ ಎಂದು ಲೆಕ್ಕ ಹಾಕಿಸಿ. ನಿಮ್ಮ ಡೆಕ್ಕಿಗೆ ಬೇಕಾದ ಸಾಮಾನು ಬಹುಶಃ ಅಲ್ಲೇ ಇದೆ. ನಮ್ಮೂರಿನ ಕಲ್ಲುಕುಟಿಕರು ಅದಕ್ಕೆ ಬೇಕಾದ ಶ್ರಮವನ್ನು ಆಗಲೇ ಹಾಕಿದ್ದಾರೆ. ಸರಿಯಾದ ವಾಟ ಕೊಟ್ಟು, ನೆರಳು ಮಾಡಿ, ಅದನ್ನು ಮತ್ತೆ ಕೂರಿಸುವ ಕೆಲಸವಷ್ಟೇ ನಮಗೆ ಉಳಿದಿದೆ.